ಓಟ ಮುಗಿದ ಮೇಲಿನ ಎರಡು ನಿಮಿಷ

ನಾವು ಮಿರಜ ತಾಲೂಕಿನ ಕನ್ನಡ ಶಾಲೆಯವರು. ವಿಜ್ಞಾನ ಕಲಿಸುವವರೂ ನಾವೇ, ಮೈದಾನದಲ್ಲಿ ಸೀಟಿ ಊದುವವರೂ ನಾವೇ. ಕ್ರೀಡಾಸ್ಪರ್ಧೆಗೆ ಮಕ್ಕಳನ್ನು ಓಡಿಸುವಾಗ ನಮ್ಮದೊಂದು ಹಳೆಯ ಶಿಸ್ತಿತ್ತು. ಗೆರೆ ದಾಟಿದವರು ನಂಬರಿನಂತೆ ಸಾಲಾಗಿ, ಸಾವಧಾನದಲ್ಲಿ ಅಲುಗಾಡದೆ ನಿಲ್ಲಬೇಕು. ಹೆಸರು ಬರೆದುಕೊಳ್ಳಬೇಕಲ್ಲ!

ಹೋದ ಚಳಿಗಾಲದಲ್ಲಿ 800 ಮೀಟರು ಓಡಿ ಮೊದಲು ಬಂದ ಏಳನೆಯ ತರಗತಿಯ ಹುಡುಗ ಹಾಗೆಯೇ ನಿಂತ. ಮುಖ ಬಿಳಿಚಿತು, ದೊಪ್ಪನೆ ಬಿದ್ದ. ನಮ್ಮ ಎದೆ ಧಸಕ್ಕೆಂದಿತು. ಕಾಲು ಎತ್ತಿ ಹಿಡಿದೆವು. ತುಸು ಹೊತ್ತಿಗೆ ಕಣ್ಣು ಬಿಟ್ಟ.

"ಮುಂಜಾನೆ ಏನೂ ತಿಂದಿಲ್ಲೇನೋ?" ಎಂದು ಅವನನ್ನೇ ಗದರಿದೆವು.

"ಎರಡ ರೊಟ್ಟಿ ತಿಂದೇನ್ರಿ ಗುರೂಜಿ" ಅಂದ.

ಮಿರಜಕ್ಕೆ ಕರೆದೊಯ್ದೆವು. 1894ರಲ್ಲಿ ಡಾ. ವಾನ್ಲೆಸ್ ಆಸ್ಪತ್ರೆ ತೆರೆದಂದಿನಿಂದ ಅದು ದವಾಖಾನೆಗಳ ಊರೇ. ಡಾಕ್ಟರರು ಮೊದಲು ಕೇಳಿದ್ದು ಒಂದೇ: "ಓಡುವಾಗ ಬಿದ್ದನೋ, ನಿಂತ ಮೇಲೋ?" ಓಡುವಾಗಲೇ ಬಿದ್ದಿದ್ದರೆ ಹೃದಯದ ದೋಷವಿರಬಹುದೆಂಬ ಚಿಂತೆ ಹೆಚ್ಚಂತೆ. ಪರೀಕ್ಷಿಸಿ, ದೋಷವಿಲ್ಲ ಎಂದರು. ಆಮೇಲೆ ಕೇಳಿದರು, "ನಿಲ್ಲಿಸಿದವರು ಯಾರು?"

ನಾವು ತಲೆ ತಗ್ಗಿಸಿದೆವು.

ಸುಮ್ಮನೆ ಕುಳಿತ ದೊಡ್ಡವರ ಹೃದಯ ನಿಮಿಷಕ್ಕೆ ಸುಮಾರು 5 ಲೀಟರು ರಕ್ತ ತಳ್ಳುತ್ತದೆ. ಜೋರಾಗಿ ಓಡುವಾಗ ಅದು 20 ಲೀಟರಿನವರೆಗೂ ಏರುತ್ತದೆ. ಸ್ನಾಯುಗಳು ಸುಡುವ ಶಕ್ತಿಯಲ್ಲಿ ಕಾಲು ಭಾಗದಷ್ಟೇ ಕೆಲಸಕ್ಕೆ, ಉಳಿದದ್ದು ಶಾಖ. ಆ ಶಾಖ ಹೊರಹಾಕಲು ಚರ್ಮದ ರಕ್ತನಾಳಗಳೂ ಹಿಗ್ಗುತ್ತವೆ, ಬೆವರು ಆರುತ್ತ ಮೈ ತಣಿಸುತ್ತದೆ. ನಾಳಗಳೆಲ್ಲ ಹಿಗ್ಗಿದರೂ ರಕ್ತದೊತ್ತಡ ಕುಸಿಯದಿರಲು ಹೃದಯದ ಜೊತೆ ಕಾಲಿನ ಮೀನಖಂಡವೂ ದುಡಿಯುತ್ತದೆ. ಹೆಜ್ಜೆಹೆಜ್ಜೆಗೂ ಅದು ರಕ್ತನಾಳ ಹಿಂಡಿ ರಕ್ತವನ್ನು ಮೇಲಕ್ಕೆ ಕಳಿಸುತ್ತದೆ. ಗಕ್ಕನೆ ನಿಂತರೆ ಹಿಂಡುವುದು ನಿಂತಿತು, ನಾಳಗಳು ಮಾತ್ರ ಹಿಗ್ಗಿಯೇ ಇರುತ್ತವೆ. ರಕ್ತ ಕಾಲಲ್ಲೇ ಉಳಿದು ಮಿದುಳಿಗೆ ಕಡಿಮೆಯಾಗುತ್ತದೆ. ನೆಲಕ್ಕೆ ಬಿದ್ದಾಗ ತಲೆ ಹೃದಯದ ಮಟ್ಟಕ್ಕೆ ಬಂದು ರಕ್ತ ಮತ್ತೆ ಸಿಗುತ್ತದೆ. ಅಂದರೆ ನಾವು ಕೆಡಿಸಿದ ಸಮತೋಲನವನ್ನು ಹುಡುಗನ ದೇಹ ಬಿದ್ದು ಸರಿಪಡಿಸಿಕೊಂಡಿತ್ತು!

1962ರ ಜಕಾರ್ತಾ ಏಷ್ಯಾಡ್‌ನಲ್ಲಿ ಚಿನ್ನ ಗೆದ್ದ ಪೈಲವಾನ ಮಾರುತಿ ಮಾನೆ ನಮ್ಮ ತಾಲೂಕಿನ ಕವಠೆ ಪಿರಾನದವರು. ಈ ಭಾಗದ ತಾಲೀಮಿನ ವಸ್ತಾದರೊಬ್ಬರಿಗೆ ಇದನ್ನೆಲ್ಲ ವಿವರಿಸಿದರೆ ನಕ್ಕುಬಿಟ್ಟರು. "ಬೈಠಕ ಮುಗದಕೂಡ್ಲೇ ನಿಂದ್ರೂದಿಲ್ರೀ ಮಾಸ್ತರ, ಅಡ್ಡಾಡತೇವಿ." ಬಿ.ಎ. ಓದಿದ್ದು ದಂಡವಾಯಿತೇನೋ ಅನ್ನಿಸಿತು.

ಈಗ ಗೆರೆ ದಾಟಿದವರು ಬೇವಿನ ಮರದವರೆಗೆ ನಡೆದು ಹೋಗಿ ಬರುತ್ತಾರೆ. ನಾವೂ ವಹಿ ಹಿಡಿದು ಜೊತೆಗೆ ನಡೆಯುತ್ತ ಹೆಸರು ಬರೆಯುತ್ತೇವೆ. ಮೊನ್ನೆ ಅದೇ ಹುಡುಗ ಕೇಳಿದ, "ಗುರೂಜಿ, ಪ್ರಾರ್ಥನಾದಾಗ ಬಾಳೊತ್ತು ನಿಂತ್ರೂ ತಲಿ ತಿರಗತೈತಿ. ಅದೂ ಇದರಂಗೇ ಏನ್ರಿ?"

ಹೌದಪ್ಪ, ಅದೂ ಬಹುಮಟ್ಟಿಗೆ ಹೀಗೆಯೇ ಎಂದೆವು. ಮರುದಿನ ಪ್ರಾರ್ಥನೆಯಲ್ಲಿ ನಮ್ಮ ಭಾಷಣ ಮೂರೇ ನಿಮಿಷಕ್ಕೆ ಮುಗಿಯಿತು.