ಅಜ್ಜಿಯ ಬೋರ್ಡಿಂಗು

ನಮ್ಮ ಅಜ್ಜಿಯನ್ನು ಬೆಳಿಗ್ಗೆ ಯಾರೂ ಎಬ್ಬಿಸಬೇಕಾಗಿರಲಿಲ್ಲ. ಎಂಬತ್ತು ದಾಟಿದ ಮೇಲೂ ಐದು ಗಂಟೆಗೆ ಸರಿಯಾಗಿ ಎದ್ದು, ಚಾಪೆ ಸುತ್ತಿ ಗೋಡೆಗೆ ಒರಗಿಸಿ, ತಲೆ ಬಾಚಿಕೊಂಡು ಕುಳಿತುಬಿಡುತ್ತಿದ್ದರು. ಇಷ್ಟು ಬೇಗ ಏಕೆ ಎದ್ದಿರೆಂದು ನಾವು ಮೊಮ್ಮಕ್ಕಳು ಕೇಳಿದರೆ, "ಗಂಟೆ ಹೊಡೆಯಿತಲ್ಲ" ಎನ್ನುತ್ತಿದ್ದರು. ನಮ್ಮ ಮನೆಯಲ್ಲಿ ಗಂಟೆಯಿರಲಿಲ್ಲ; ಹತ್ತಿರದಲ್ಲಿ ಚರ್ಚೂ ಇರಲಿಲ್ಲ. ಅವರ ಕಿವಿಯಲ್ಲಿ ಹೊಡೆಯುತ್ತಿದ್ದುದು 1904ರಲ್ಲಿ ಮೊದಲ ಬಾರಿ ಕೇಳಿದ ಗಂಟೆ.

ಆ ವರ್ಷ ಮಳೆಗಾಲ ಕಳೆದ ಮೇಲೆ, ಎಂಟು ವರ್ಷದ ಅವರನ್ನು ಅವರ ತಾಯಿ ಕೈಹಿಡಿದು ನಡೆಸಿಕೊಂಡು ಬಂದು ಮಿಷನಿನ ಹೆಣ್ಣುಮಕ್ಕಳ ಬೋರ್ಡಿಂಗಿನಲ್ಲಿ ಬಿಟ್ಟು ಹೋದರು. ಬೋರ್ಡಿಂಗಿನ ಹೆಸರು ಇಲ್ಲಿ ಬೇಡ. ತಂದೆ ಕಾಲರಾದಲ್ಲಿ ತೀರಿಹೋಗಿದ್ದರು. ಬಿಲ್ಲವ ಮನೆತನ, ಮರವೇರುವ ಗಂಡಸಿಲ್ಲದ ಮನೆಯಲ್ಲಿ ಮೂರು ಮಕ್ಕಳು. "ಅಲ್ಲಿ ಎರಡು ಹೊತ್ತು ಗಂಜಿ ಕೊಡುತ್ತಾರೆ" ಎಂಬುದಷ್ಟೇ ಆ ತಾಯಿಗೆ ತಿಳಿದಿದ್ದ ಧರ್ಮವಿಚಾರ. ಒಳಗೆ ಕರೆದೊಯ್ದ ಮಿಸ್ಸಿಯಮ್ಮನವರು ಹುಡುಗಿಗೆ ಒಂದು ಚಾಪೆ, ಒಂದು ಬಟ್ಟಲು, ಒಂದು ಮರದ ಪೆಟ್ಟಿಗೆ ಕೊಟ್ಟರು. ಪೆಟ್ಟಿಗೆಯ ಮುಚ್ಚಳದ ಒಳಬದಿಯಲ್ಲಿ 31 ಎಂದು ಕಪ್ಪು ಬಣ್ಣದಲ್ಲಿ ಬರೆದಿತ್ತು. ನಾವು ಚಿಕ್ಕಂದಿನಲ್ಲಿ ಆ ಅಂಕಿಯ ಮೇಲೆ ಬೆರಳಾಡಿಸಿದ್ದೇವೆ.

ಹೀಗೆ ಮಕ್ಕಳನ್ನು ಮನೆಯಿಂದ ಬಿಡಿಸಿ ಒಂದೇ ಸೂರಿನಡಿ ಇಟ್ಟು ತಿದ್ದುವ ಪದ್ಧತಿ ನಮ್ಮ ಕರಾವಳಿಯಲ್ಲಿ ಹುಟ್ಟಿದ್ದಲ್ಲ. 1815ರಲ್ಲಿ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿ ಸ್ಥಾಪನೆಯಾದ ಬಾಸೆಲ್ ಮಿಷನ್, ಮರುವರ್ಷವೇ ಅಲ್ಲಿ ತನ್ನ ತರಬೇತಿ ಮನೆಯನ್ನು ತೆರೆಯಿತು. ಅಲ್ಲಿ ಸೇರಿದವರಲ್ಲಿ ಬಹುಮಂದಿ ಜರ್ಮನಿಯ ವ್ಯುರ್ಟೆಂಬರ್ಗ್ ಸೀಮೆಯ ರೈತರ, ಕುಶಲಕರ್ಮಿಗಳ ಮಕ್ಕಳು. ಗಂಟೆಗೆ ಏಳುವುದು, ಗಂಟೆಗೆ ಪ್ರಾರ್ಥನೆ, ಪಾಠ, ಮೈಮುರಿದು ದುಡಿಮೆ. ಮದುವೆಗೂ ಮೇಲಿನ ಸಮಿತಿಯ ಒಪ್ಪಿಗೆ ಬೇಕು. ಆ ಮನೆಯಲ್ಲಿ ಪಳಗಿದ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು 1834ರ ಅಕ್ಟೋಬರಿನಲ್ಲಿ ಮಂಗಳೂರಿಗೆ ಬಂದರು. ತಮಗೆ ಗೊತ್ತಿದ್ದ ಮನೆಯನ್ನೇ ಅವರೂ ಅವರ ಹಿಂದೆ ಬಂದವರೂ ಇಲ್ಲಿ ಕಟ್ಟಿದರು: ಹುಡುಗರಿಗೊಂದು ಬೋರ್ಡಿಂಗು, ಹುಡುಗಿಯರಿಗೊಂದು, ಉಪದೇಶಿಗಳಾಗುವವರಿಗೆ ಬಲ್ಮಠದ ಗುಡ್ಡದ ಮೇಲೊಂದು ಸೆಮಿನರಿ. 1836ರಲ್ಲಿ ಬಂದ ಹರ್ಮನ್ ಮೋಗ್ಲಿಂಗರಂತೂ ಹುಡುಗರ ಜೊತೆಯಲ್ಲೇ ವಾಸಿಸಿ, ಅವರು ಉಂಡದ್ದನ್ನೇ ಉಂಡು ಕಲಿಸಲು ಹೊರಟವರು. ಕನ್ನಡದ ಮೊದಲ ಪತ್ರಿಕೆ 'ಮಂಗಳೂರ ಸಮಾಚಾರ'ವನ್ನು 1843ರಲ್ಲಿ ಹೊರಡಿಸಿದವರೂ ಅವರೇ ಎಂಬುದು ಓದುಗರಿಗೆ ತಿಳಿದ ಸಂಗತಿ. 1850ರಲ್ಲಿ ಬಾಸೆಲಿನ ಆ ಮನೆಗೆ ಸೇರಿ 1853ರಲ್ಲಿ ಇಲ್ಲಿಗೆ ಬಂದ ಹದಿಹರೆಯ ದಾಟಿದ ತರುಣನೊಬ್ಬನು 1894ರಲ್ಲಿ ನಮಗೆ ನಿಘಂಟನ್ನು ಕೊಟ್ಟ ಕಿಟ್ಟೆಲ್.

ನಾವು ಇದನ್ನು ಹೊಗಳಲು ಬರೆಯುತ್ತಿಲ್ಲ. ಆ ಬೋರ್ಡಿಂಗುಗಳ ಉದ್ದೇಶ ಮುಚ್ಚುಮರೆಯದ್ದಾಗಿರಲಿಲ್ಲ. ಹಗಲಿನ ಶಾಲೆಗೆ ಬಂದು ಸಂಜೆ ಮನೆಗೆ ಮರಳುವ ಮಗು ಕಲಿತದ್ದನ್ನು ಮನೆಯ ಹೊಸ್ತಿಲಲ್ಲೇ ಬಿಟ್ಟು ಒಳಹೋಗುತ್ತದೆ. ಮನೆಯೇ ಬೇರೆಯಾದರೆ ಮಗುವೂ ಬೇರೆಯಾಗುತ್ತದೆ ಎಂಬ ಲೆಕ್ಕ. ಲೆಕ್ಕ ತಪ್ಪಲಿಲ್ಲ. ಅದರ ಬೆಲೆ ತೆತ್ತವರು ಯಾರೆಂಬುದು ಮಾತ್ರ ಮಿಷನಿನ ವರದಿಗಳಿಗಿಂತ ಮನೆಮನೆಗಳಲ್ಲಿ ಹೆಚ್ಚು ತಿಳಿದಿದೆ. ಮಂಗಳೂರಿನ ಸಾರಸ್ವತ ತರುಣ ಆನಂದರಾವ್ ಕೌಂಡಿನ್ಯರು 1844ರ ಜನವರಿಯಲ್ಲಿ ದೀಕ್ಷಾಸ್ನಾನ ಪಡೆದಾಗ ಅವರ ಎಳೆವಯಸ್ಸಿನ ಪತ್ನಿ ಅವರೊಡನೆ ಬರಲಿಲ್ಲ. ಅವರು ಬಾಸೆಲಿಗೆ ಹೋಗಿ ಆ ಮನೆಯಲ್ಲೇ ಓದಿ, 1851ರಲ್ಲಿ ಬೋಧಕರಾಗಿ ಹಿಂತಿರುಗಿದರು. 1860ರಲ್ಲಿ ಜರ್ಮನ್ ಮಹಿಳೆಯೊಬ್ಬರನ್ನು ಮದುವೆಯಾದರು. ಅವರ ಚರಿತ್ರೆ ಪುಸ್ತಕಗಳಲ್ಲಿದೆ. ಬರದೆ ಉಳಿದ ಆ ಹುಡುಗಿಯ ಉಳಿದ ದಿನಗಳನ್ನು ಬರೆದಿಟ್ಟ ಪುಟ ನಮ್ಮ ಕಣ್ಣಿಗಂತೂ ಬಿದ್ದಿಲ್ಲ.

ಇದೇ ಕತ್ತಿ ಬಿಳಿಯರ ಮನೆಯನ್ನೂ ಕೊಯ್ದಿತ್ತೆಂಬುದು ನಮಗೆ ತಿಳಿದದ್ದು ತಡವಾಗಿ. ಮಿಷನರಿಗಳ ಮಕ್ಕಳು ಶಾಲೆಯ ವಯಸ್ಸಿಗೆ ಬಂದೊಡನೆ ಯುರೋಪಿಗೆ ಕಳುಹಿಸಲ್ಪಡಬೇಕೆಂದು ಬಾಸೆಲಿನ ಸಮಿತಿ 1853ರಲ್ಲಿ ನಿಯಮ ಮಾಡಿತು. ಅವರಿಗಾಗಿಯೇ ಅಲ್ಲಿ ಮಕ್ಕಳ ಮನೆಯೊಂದು ಸಿದ್ಧವಾಯಿತು. ಆರೇಳು ವರ್ಷದ ಮಗುವನ್ನು ಹಡಗು ಹತ್ತಿಸಿದ ತಾಯಿ ಮತ್ತೆ ಅದನ್ನು ಕಾಣುವಾಗ ಅದಕ್ಕೆ ಮೀಸೆ ಬಂದಿರುತ್ತಿತ್ತು. ನಿಯಮಕ್ಕೂ ಮೊದಲೇ ಈ ರೂಢಿ ಇತ್ತು. ನಮಗೆ ನೆರೆಯ ತಲಶ್ಶೇರಿಯಲ್ಲಿ 1842ರಲ್ಲಿ ಹುಟ್ಟಿದ, ಮಲೆಯಾಳ ನಿಘಂಟುಕಾರ ಗುಂಡರ್ಟರ ಮಗಳು ಮೇರಿ, ಇನ್ನೂ ಪುಟ್ಟ ಮಗುವಾಗಿರುವಾಗಲೇ ಯುರೋಪಿನಲ್ಲಿ ಉಳಿಯಬೇಕಾಯಿತು. ತಂದೆತಾಯಿಯರಿದ್ದ ಕರಾವಳಿಗೆ ಮರಳಿದ್ದು 1857ರಲ್ಲಿ, ಹದಿನೈದರ ಹುಡುಗಿಯಾಗಿ. ಆಕೆಯ ಮಗನೇ ಮುಂದೆ ನೊಬೆಲ್ ಬಹುಮಾನ ಪಡೆದ ಕಾದಂಬರಿಕಾರ ಹರ್ಮನ್ ಹೆಸ್ಸೆ. ಆತನೂ 1892ರಲ್ಲಿ, ಹದಿನಾಲ್ಕನೆಯ ವಯಸ್ಸಿನಲ್ಲಿ, ಮೌಲ್‌ಬ್ರಾನ್ ಎಂಬ ವಸತಿ ಸೆಮಿನರಿಯಿಂದ ಓಡಿಹೋದವನು!

ಅಜ್ಜಿಗೆ ಚಾಪೆ ಕೊಟ್ಟ ಮಿಸ್ಸಿಯಮ್ಮನವರ ಮೇಜಿನ ಮೇಲೆ ಇಬ್ಬರು ಮಕ್ಕಳ ಚಿತ್ರವಿತ್ತಂತೆ. ಯಾರೆಂದು ಹುಡುಗಿಯರು ಕೇಳಿದರೆ ಉತ್ತರವಿಲ್ಲ. "ಹೊಲಿಗೆ ನೋಡು" ಎಂದಷ್ಟೇ ಹೇಳುತ್ತಿದ್ದರಂತೆ.

ಅಲ್ಲಿ ಅಜ್ಜಿ ಭತ್ತ ಕುಟ್ಟುವುದನ್ನೂ ಹೊಲಿಗೆಯನ್ನೂ ಕಲಿತರು. ಓದು ಬರಹವನ್ನೂ ಕಲಿತರು. ಮನೆಮಾತು ತುಳು; ಪಾಠವೆಲ್ಲ ಕನ್ನಡ. ತುಳುವಿನ ಸುವಾರ್ತೆಯೂ ಕನ್ನಡ ಲಿಪಿಯಲ್ಲೇ ಅಚ್ಚಾಗಿತ್ತಾದ್ದರಿಂದ ಅಕ್ಷರವೆಂದರೆ ಅವರಿಗೆ ಕನ್ನಡವೇ. ಹನ್ನೆರಡನೆಯ ವಯಸ್ಸಿನಲ್ಲಿ ತಮ್ಮ ಅಪ್ಪೆಗೆ ಮೊದಲ ಕಾಗದ ಬರೆದರು. ಅಪ್ಪೆಗೆ ಓದಲು ಬಾರದು, ಕನ್ನಡವೂ ಬಾರದು. ಊರಿನ ಶಾನುಭೋಗರು ಓದಿ ತುಳುವಿನಲ್ಲಿ ಹೇಳಬೇಕು. ಕಾಗದದಲ್ಲಿದ್ದ ವಿಷಯ, ಬರುವ ತಿಂಗಳು ತಮಗೆ ದೀಕ್ಷಾಸ್ನಾನವೆಂಬುದು. ಶಾನುಭೋಗರು ಅದನ್ನು ಹೇಗೆ ಓದಿದರೋ, ತಮ್ಮದೂ ನಾಲ್ಕು ಮಾತು ಸೇರಿಸಿದರೋ, ಅಜ್ಜಿಗೆ ಕಡೆಯವರೆಗೂ ತಿಳಿಯಲಿಲ್ಲ. ಎಂಟು ದಿನಗಳ ಮೇಲೆ ಅಪ್ಪೆ ಬಂದರು. ಅಂಗಳದ ಹಲಸಿನ ಮರದಡಿ ಕುಳಿತರು. ಮಗಳ ತಲೆ ಸವರಿದರು. ತಂದಿದ್ದ ಹಪ್ಪಳದ ಕಟ್ಟನ್ನು ಮಡಿಲಿಗಿಟ್ಟರು. ಮಗಳು ತಂದ ನೀರನ್ನು ಮಾತ್ರ ಕುಡಿಯಲಿಲ್ಲ. ಚೆಂಬನ್ನು ಪಕ್ಕಕ್ಕಿಟ್ಟು ಎದ್ದು ಹೋದರು. ಇದನ್ನು ಹೇಳುವಾಗ ಅಜ್ಜಿ ಅಳುತ್ತಿರಲಿಲ್ಲ. "ಬಿಸಿಲಿತ್ತು, ಅವರಿಗೆ ಬಾಯಾರಿತ್ತು" ಎಂದು ಮಾತ್ರ ಹೇಳುತ್ತಿದ್ದರು.

1914ರಲ್ಲಿ ಯುದ್ಧ ಬಂತು. ಜರ್ಮನ್ ಪಾದ್ರಿಗಳು ಸರ್ಕಾರಕ್ಕೆ ಶತ್ರುಗಳಾದರು. ಕೆಲವರು ಅಹಮದ್‌ನಗರದ ಶಿಬಿರಕ್ಕೆ, ಹೆಂಗಸರು ಮಕ್ಕಳು ಸ್ವದೇಶಕ್ಕೆ. ಆಗ ಅಜ್ಜಿ ಅದೇ ಬೋರ್ಡಿಂಗಿನಲ್ಲಿ ಚಿಕ್ಕ ಮಕ್ಕಳಿಗೆ ಕಲಿಸುತ್ತಿದ್ದರು. ಮಿಸ್ಸಿಯಮ್ಮನವರು ಹೊರಟ ದಿನ ಗಂಟೆ ಹೊಡೆಯಲು ಯಾರೂ ಇಲ್ಲದೆ ಅಜ್ಜಿಯೇ ಹೊಡೆದರಂತೆ. ಮರುವರ್ಷ ಹಂಚಿನ ಕಾರ್ಖಾನೆಯ ಗುಮಾಸ್ತರೊಬ್ಬರನ್ನು ಮದುವೆಯಾಗಿ ಕಾಸರಗೋಡಿನ ಕಡೆಗೆ ಬಂದರು.

1956ರ ನವೆಂಬರ್ ಒಂದರಂದು ನಮ್ಮ ತಾಲ್ಲೂಕು ಕೇರಳಕ್ಕೆ ಸೇರಿತು. ನಾವು ಆಗ ಅ ಆ ಇ ಈ ತಿದ್ದುವ ವಯಸ್ಸಿನವರು. ನೆರೆಹೊರೆಯಲ್ಲಿ ಮಕ್ಕಳನ್ನು ಯಾವ ಶಾಲೆಗೆ ಹಾಕುವುದೆಂಬ ಚರ್ಚೆ. ಅಪ್ಪಯ್ಯನಿಗೂ, ಮುಂದೆ ಕೆಲಸ ಸಿಗುವುದು ಮಲೆಯಾಳದವರಿಗೇ ಎಂಬ ಆತಂಕ. ಅಜ್ಜಿ 31ನೆಯ ಪೆಟ್ಟಿಗೆಯಿಂದ ತಮ್ಮ ಹಳೆಯ ಸ್ಲೇಟನ್ನು ತೆಗೆದು ನಮ್ಮ ಮುಂದಿಟ್ಟು, "ನಾನು ಅಪ್ಪೆಯನ್ನು ಬಿಟ್ಟು ಕಲಿತ ಅಕ್ಷರ ಇದು. ಇವರು ಅದನ್ನೂ ಬಿಡುವುದು ಬೇಡ" ಎಂದರು. ನಾವು ಕನ್ನಡ ಶಾಲೆಗೆ ಹೋದೆವು. ಇಂದು ಈ ಪುಟದಲ್ಲಿ ಬರೆಯುತ್ತಿರುವುದು ಆ ಸ್ಲೇಟಿನಿಂದಲೇ.

ಆ ಬೋರ್ಡಿಂಗು ಒಳ್ಳೆಯದು ಮಾಡಿತೋ ಕೆಟ್ಟದ್ದು ಮಾಡಿತೋ ಎಂದು ನಮ್ಮನ್ನು ಕೇಳುವವರಿದ್ದಾರೆ. ನಮ್ಮ ಅಣ್ಣತಮ್ಮಂದಿರಲ್ಲೇ ಇದರ ಬಗ್ಗೆ ಒಮ್ಮತವಿಲ್ಲ. ಹಬ್ಬದ ಊಟಕ್ಕೆ ಕೂಡಿದಾಗ ವಾದ ನಡೆದೇ ಇದೆ. ಅಜ್ಜಿಯನ್ನು ಕೇಳಿದಾಗ ಅವರು ಹೇಳುತ್ತಿದ್ದುದು ಅಪ್ಪೆಯ ಇನ್ನೊಂದು ಕಥೆಯನ್ನು.

ಅಜ್ಜಿಯ ಚೊಚ್ಚಲ ಹೆರಿಗೆಗೆ ಅಪ್ಪೆ ಎರಡು ದಿನ ನಡೆದು ಬಂದರಂತೆ. ತಲೆಯ ಮೇಲೆ ಒಂದು ಹೊಸ ಮಡಕೆ, ಅದರೊಳಗೆ ಅಕ್ಕಿ. ಒಳಗೆ ಕಾಲಿಡಲಿಲ್ಲ. ಅಂಗಳದ ಮೂಲೆಯಲ್ಲಿ ಮೂರು ಕಲ್ಲು ಹೂಡಿ, ತಾವೇ ನೀರು ಸೇದಿ, ತಮ್ಮ ಗಂಜಿಯನ್ನು ತಾವೇ ಬೇಯಿಸಿಕೊಂಡು, ಜಗಲಿಯಲ್ಲಿ ಮಲಗಿ, ಹದಿನಾರು ದಿನ ಬಾಣಂತಿಗೂ ಕೂಸಿಗೂ ಎಣ್ಣೆ ಹಚ್ಚಿ ನೀರು ಹಾಕಿದರು. ಹೊರಡುವಾಗ ಆ ಮಡಕೆಯನ್ನು ತೊಳೆದು ಕೊಟ್ಟಿಗೆಯ ಮಾಡಿನಡಿ ಕವುಚಿಟ್ಟು ಹೋದರು. ಮೂರು ವರ್ಷ ಅದನ್ನು ಯಾರೂ ಮುಟ್ಟಲಿಲ್ಲ. ಎರಡನೆಯ ಹೆರಿಗೆಗೆ ಬಂದಾಗ ಜೇಡರ ಬಲೆ ಒರೆಸಿ, ಅದನ್ನೇ ಮತ್ತೆ ಒಲೆಯ ಮೇಲಿಟ್ಟರಂತೆ.