ಬೆಂಕೀಪುರದಲ್ಲಿ ತಂಪು ಹುಡುಕುತ್ತಾ

ಶಿವಮೊಗ್ಗದವರು "ಕೋಟೆಗೆ ಹೋಗಿದ್ದೆ" ಅಂದರೆ ಕತ್ತಿ, ಗುರಾಣಿ, ಬುರುಜು ಅಂತ ಕಲ್ಪಿಸಿಕೊಳ್ಳಬೇಡಿ. ಊರಿನ ಆ ಭಾಗಕ್ಕೇ ಕೋಟೆ ಅಂತ ಹೆಸರು. ತುಂಗೆಯ ದಂಡೆಗೆ ಒತ್ತಿಕೊಂಡ ರಸ್ತೆ, ಆಂಜನೇಯನ ಗುಡಿ, ಒತ್ತೊತ್ತಾಗಿ ಕೂತ ಹಳೆಯ ಮನೆಗಳು, ಮರದ ಕಂಬಗಳ ಶಿವಪ್ಪನಾಯಕನ ಅರಮನೆ. ಅರಮನೆ ಈಗ ಸರ್ಕಾರಿ ವಸ್ತುಸಂಗ್ರಹಾಲಯ. ಅಂಗಳದ ತುಂಬ ವೀರಗಲ್ಲು, ಮಾಸ್ತಿಕಲ್ಲು, ಅಲ್ಲಿ ಇಲ್ಲಿಂದ ತಂದಿಟ್ಟ ವಿಗ್ರಹಗಳು. ಕೆಳದಿಯ ಶಿವಪ್ಪನಾಯಕ ಆಳಿದ್ದು 1645ರಿಂದ 1660ರವರೆಗೆ. ಜಮೀನು ಅಳೆಸಿ, ಬೆಳೆಯ ಲೆಕ್ಕ ಹಿಡಿದು ಕಂದಾಯ ಗೊತ್ತುಮಾಡಿದ್ದಕ್ಕೆ 'ಶಿಸ್ತಿನ ಶಿವಪ್ಪನಾಯಕ' ಅಂತಲೇ ಹೆಸರು. ನಮ್ಮದೂ ಲೆಕ್ಕದ ಕತೆಯೇ ಆದ್ದರಿಂದ ಮೊದಲಿಗೆ ಅವನನ್ನು ನೆನೆದೆ.

2024ರ ಏಪ್ರಿಲ್‌ನಲ್ಲಿ ನಾವು ಸಾಗರದಿಂದ ಹೊರಟದ್ದು ಮನೆ-ವ್ಯಾನಿನಲ್ಲಿ. ಹಾಗೆಂದರೇನು ಅಂತ ಕೇಳುತ್ತೀರಿ. ನಮ್ಮವರ ಚಿಕ್ಕಪ್ಪ ಹಳೆಯ ಮಿನಿಬಸ್ಸಿನ ಸೀಟು ಕೀಳಿಸಿ, ಎರಡು ಮಂಚ, ಒಂದು ಅಡಿಗೆ ಕಟ್ಟೆ, ಒಂದು ಬಚ್ಚಲು ಕೂರಿಸಿ, ಸಾರಿಗೆ ಕಚೇರಿಯ ಒಪ್ಪಿಗೆಯನ್ನೂ ಪಡೆದು ಇಟ್ಟುಕೊಂಡಿದ್ದ ಗಾಡಿ ಅದು. ಅವರಿಗೆ ವಯಸ್ಸಾದ ಮೇಲೆ ನಮ್ಮ ಪಾಲಿಗೆ ಬಂತು. ಅತ್ತೆಯವರಿಗೆ ಸೊಂಟದ ನೋವು, ಬಸ್ಸಿನಲ್ಲಿ ಒಂದು ಗಂಟೆ ಕೂರಲಾರರು. ಇದರಲ್ಲಾದರೆ ಮಲಗಿಕೊಂಡೇ ಬರಬಹುದು. ಅವರಿಗೆ ಇದ್ದ ಆಸೆ ಎರಡು. ಕೂಡ್ಲಿಯ ಸಂಗಮದಲ್ಲಿ ಒಂದು ರಾತ್ರಿ ತಂಗಬೇಕು. ಆಮೇಲೆ ಭದ್ರಾವತಿಯ ನ್ಯೂಟೌನಿನಲ್ಲಿ ತಾವು ಮದುವೆಯಾಗಿ ಬಂದು ಸಂಸಾರ ಹೂಡಿದ ಬೀದಿಯನ್ನು ಇನ್ನೊಂದು ಸಲ ಕಣ್ಣಲ್ಲಿ ಕಾಣಬೇಕು. ಮಾವನವರು ಅಲ್ಲಿನ ಕಬ್ಬಿಣದ ಕಾರ್ಖಾನೆಯಲ್ಲಿದ್ದವರು.

ಕೋಟೆಯಲ್ಲಿ ನಾದಿನಿಯ ಮನೆ. ಓಣಿ ಕಿರಿದು, ವ್ಯಾನು ಒಳಗೆ ಹೋಗದು. ಹೊಳೆಯ ಕಡೆ ಜಾಗ ನೋಡಿ ನಿಲ್ಲಿಸಿ, ಹಾಲು ತೆಗೆಯಲು ಫ್ರಿಜ್ಜಿನ ಬಾಗಿಲು ತೆರೆದರೆ ಗಮ್ಮೆಂದು ಉಚ್ಚೆಯಂಥ ಘಾಟು! ಹಾಲು ಒಡೆದಿತ್ತು, ದೋಸೆ ಹಿಟ್ಟು ಉಕ್ಕಿ ತಟ್ಟೆಯೆಲ್ಲ ಹರಿದಿತ್ತು. ಅದೆಲ್ಲ ಹೋಗಲಿ ಅನ್ನಿ. ಅತ್ತೆಯವರ ಇನ್ಸುಲಿನ್ ಆ ಫ್ರಿಜ್ಜಿನಲ್ಲೇ ಇತ್ತು, ಇನ್ನೂ ಎಂಟು ದಿನದ ಪ್ರಯಾಣ ಬಾಕಿ ಇತ್ತು.

ಮನೆಯಲ್ಲಿ ಸಕ್ಕರೆ ಕಾಯಿಲೆಯವರು ಇರುವವರು ಇದನ್ನು ತಿಳಿದಿರಬೇಕು. ಒಡೆಯದ ಇನ್ಸುಲಿನ್ ಎರಡರಿಂದ ಎಂಟು ಡಿಗ್ರಿಯ ತಂಪಿನಲ್ಲಿರಬೇಕು. ಬಳಕೆಗೆ ತೆಗೆದದ್ದು ಮೂವತ್ತು ಡಿಗ್ರಿ ಮೀರದ ಕಡೆ, ಬಿಸಿಲು ಬೀಳದ ಹಾಗೆ, ಸಾಮಾನ್ಯವಾಗಿ ನಾಲ್ಕು ವಾರ ತಡೆಯುತ್ತದೆ. ಆದರೂ ಡಬ್ಬದ ಮೇಲಿನ ಬರಹ ಓದಿ, ನಿಮ್ಮ ಡಾಕ್ಟರನ್ನೂ ಕೇಳಿ. ಹೆಪ್ಪುಗಟ್ಟಿತೋ, ಆಮೇಲೆ ಕರಗಿದರೂ ಅದು ಕೆಲಸಕ್ಕೆ ಬಾರದು. ನಾವು ಅದನ್ನೆಲ್ಲ ಆ ಕ್ಷಣಕ್ಕೆ ನಾದಿನಿಯ ಮನೆಯ ಫ್ರಿಜ್ಜಿಗೆ ಸೇರಿಸಿದೆವು. "ಅತ್ತಿಗೆ, ಇಲ್ಲೇ ಎಂಟು ದಿನ ಇದ್ದುಬಿಡಿ, ಅಮ್ಮನೂ ಹಾಯಾಗಿರ್ತಾಳೆ" ಅಂದಳು ಅವಳು. ಅತ್ತೆಯವರು ಏನೂ ಅನ್ನಲಿಲ್ಲ. ಸುಮ್ಮನೆ ಹೊಳೆ ಕಡೆಗೆ ಮುಖ ತಿರುಗಿಸಿ ಕೂತರು. ಅದು ನನಗೆ ಹೆಚ್ಚು ಕಷ್ಟವಾಯಿತು.

ಫ್ರಿಜ್ ರಿಪೇರಿಯವನು ಸಂಜೆಗೆ ಬಂದ. ಹಿಂಬದಿಯ ತಗಡು ಬಿಚ್ಚಿ, ಪೈಪಿನ ಮೇಲೆ ಕೂತ ಹಳದಿ ಪುಡಿ ತೋರಿಸಿ, "ಮುಟ್ಟಬೇಡಿ ಅಕ್ಕಾ, ಇದು ವಿಷ. ಪೈಪು ತೂತಾಗಿದೆ, ಇದು ನಮ್ಮ ಕೈಲಿ ಆಗೋ ಕೆಲಸ ಅಲ್ಲ" ಅಂದ. ಆಗಲೇ ನನಗೆ ಗೊತ್ತಾದದ್ದು, ಇದು ನಮ್ಮ ಅಡಿಗೆಮನೆಯ ಜಾತಿಯ ಫ್ರಿಜ್ಜೇ ಅಲ್ಲ ಅಂತ. ಇದರಲ್ಲಿ ಮೋಟಾರು ಇಲ್ಲ, ಗುಂಯ್ ಅನ್ನುವ ಸದ್ದೂ ಇಲ್ಲ. ಕೆಳಗೆ ಸಣ್ಣ ಗ್ಯಾಸಿನ ಉರಿ. ಆ ಉರಿಗೆ ಅಮೋನಿಯಾ ಬೆರೆತ ನೀರು ಕುದಿದು, ಅಮೋನಿಯಾ ಬೇರೆಯಾಗಿ ಮೇಲೇರಿ, ತಣಿದು ದ್ರವವಾಗಿ, ಒಳಗಿನ ಪೈಪಿನಲ್ಲಿ ಜಲಜನಕದ ನಡುವೆ ಆವಿಯಾಗುವಾಗ ಪೆಟ್ಟಿಗೆಯ ಬಿಸಿಯನ್ನು ಹೀರಿಕೊಳ್ಳುತ್ತದೆ. ಬೆಂಕಿ ಹಚ್ಚಿ ತಂಪು ಮಾಡುವ ಈ ಉಪಾಯ ಕಂಡುಹಿಡಿದವರು ಸ್ವೀಡನ್ನಿನ ಬಾಲ್ಟ್ಸಾರ್ ವಾನ್ ಪ್ಲಾಟೆನ್ ಮತ್ತು ಕಾರ್ಲ್ ಮುಂಟರ್ಸ್. 1922ರಲ್ಲಿ, ಇಬ್ಬರೂ ಇನ್ನೂ ವಿದ್ಯಾರ್ಥಿಗಳಾಗಿದ್ದಾಗ. ಜಾಣತನವೇನೋ ಹೌದು. ಆದರೆ ಗಾಡಿ ಸಮತಟ್ಟಾಗಿ ನಿಂತಿರಬೇಕು, ಸ್ವಲ್ಪ ವಾಲಿದರೂ ಮುನಿಸು. ನಮ್ಮ ಮಲೆನಾಡಿನಲ್ಲಿ ಸಮತಟ್ಟು ಜಾಗ ಎಲ್ಲಿಂದ ತರೋಣ? ಒಳಗಿನ ಪೈಪುಗಳಿಗೆ ತುಕ್ಕು ಹತ್ತದಿರಲೆಂದು ಹಾಕುವ ಕ್ರೋಮೇಟ್ ಎಂಬ ರಾಸಾಯನಿಕವೇ ಸೋರಿದಾಗ ಹಳದಿ ಪುಡಿಯಾಗಿ ಕೂರುವುದು. ಬರಿಗೈಯಲ್ಲಿ ಒರೆಸಬಾರದು, ಒಣ ಪೊರಕೆಯಲ್ಲಿ ಗುಡಿಸಿ ಧೂಳೆಬ್ಬಿಸಲೂ ಬಾರದು. ನಮ್ಮವರು ಕೈಚೀಲ ಹಾಕಿಕೊಂಡು, ಒದ್ದೆ ಬಟ್ಟೆಯಿಂದ ಒರೆಸಿ, ಬಟ್ಟೆಯನ್ನು ಪ್ಲಾಸ್ಟಿಕ್ಕಿನಲ್ಲಿ ಬಿಗಿಯಾಗಿ ಕಟ್ಟಿ ಬೇರೆ ಇಟ್ಟರು.

ಅದೇ ಜಾತಿಯ ಹೊಸದನ್ನು ಹೊರದೇಶದಿಂದ ತರಿಸಲು ಎಷ್ಟಾಗುತ್ತದೆಂದು ಫೋನಿನಲ್ಲಿ ಕೇಳಿದೆವು. ಲಕ್ಷದ ಮೇಲೆ ಅಂದರು. ನಮ್ಮವರು ಫೋನು ಕೆಳಗಿಟ್ಟು ಒಂದು ಲೋಟ ನೀರು ಕುಡಿದರು.

ಈ ನಡುವೆ ಎರಡು ದಿನ ನಮ್ಮನ್ನು ಕಾಪಾಡಿದ್ದು ಮಣ್ಣಿನ ಮಡಕೆ. ದೊಡ್ಡದೊಂದು, ಅದರೊಳಗೆ ಹಿಡಿಯುವಂಥ ಚಿಕ್ಕದೊಂದು, ನಡುವೆ ಹೊಳೆಯ ಮರಳು. ಮರಳಿಗೆ ನೀರು ಹನಿಸಿ, ಮೇಲೆ ಒದ್ದೆ ಬಟ್ಟೆ ಹೊದಿಸಿ ಗಾಳಿಯಾಡುವ ನೆರಳಲ್ಲಿ ಇಟ್ಟೆ. ಹೊರಗೆ ಮೂವತ್ತೇಳು ಡಿಗ್ರಿ ಇದ್ದ ಮಧ್ಯಾಹ್ನ ಚಿಕ್ಕ ಮಡಕೆಯೊಳಗೆ ಇಪ್ಪತ್ತೇಳು ತೋರಿಸಿತು. ಬಳಕೆಯಲ್ಲಿರುವ ಇನ್ಸುಲಿನ್ ಪೆನ್ನಿಗೆ ಅಷ್ಟು ಸಾಕು. 'ಗಂಗಾ ಸ್ನಾನ, ತುಂಗಾ ಪಾನ' ಅನ್ನುತ್ತಾರಲ್ಲ, ಆ ಗಾದೆಯನ್ನು ಕಟ್ಟಿದವರು ಮಡಕೆಯಲ್ಲಿ ತಣಿದ ನೀರನ್ನೇ ಕುಡಿದಿರಬೇಕು! ಗುಜರಾತಿನ ವಾಂಕಾನೇರಿನ ಕುಂಬಾರ ಮನ್ಸುಖ್‌ಭಾಯಿ ಪ್ರಜಾಪತಿಯವರು ಕರೆಂಟೇ ಬೇಡದ ಮಣ್ಣಿನ ಫ್ರಿಜ್ಜು ಮಾಡಿ ಹೆಸರಾದದ್ದೂ ಇದೇ ತತ್ವದ ಮೇಲೆ. ಆದರೆ ಒಂದು ಮಾತು: ಇದು ಒಣ ಬೇಸಿಗೆಯ ವಿದ್ಯೆ. ಮಳೆಗಾಲದಲ್ಲಿ ಗಾಳಿಯೇ ನೀರು ಕುಡಿದು ಕೂತಿರುವಾಗ ಮಡಕೆ ತಣಿಯುವುದಿಲ್ಲ. ಒಡೆಯದ ಇನ್ಸುಲಿನ್ನಿಗಂತೂ ಯಾವ ಕಾಲಕ್ಕೂ ಸಾಲದು.

"ಭದ್ರಾವತಿಗೆ ಹೋಗಿ" ಅಂತ ದಾರಿ ತೋರಿಸಿದವರು ಅತ್ತೆಯವರೇ. "ಅಲ್ಲಿ ಕಬ್ಬಿಣ ತಿದ್ದೋರು ಮನೆಗೊಬ್ಬರು ಸಿಗ್ತಾರೆ. ಇವರ ಜೊತೆ ಕೆಲಸ ಮಾಡಿದವರ ಮಗ ಗಾಡಿಗಳ ವೈರಿಂಗ್ ಮಾಡ್ತಾನಂತೆ, ವಿಚಾರಿಸಿ."

ಶಿವಮೊಗ್ಗದಿಂದ ಇಪ್ಪತ್ತು ಕಿಲೋಮೀಟರಿನಷ್ಟು ದಾರಿ, ನಡುವೆ ಮಾಚೇನಹಳ್ಳಿಯ ಕೈಗಾರಿಕಾ ಪ್ರದೇಶ. ಭದ್ರಾವತಿಯ ಹಳೆಯ ಹೆಸರು ಬೆಂಕೀಪುರ. ವಂಕಿ ಮಹರ್ಷಿಯ ಹೆಸರಿನಿಂದ ಬಂದದ್ದು ಅನ್ನುತ್ತಾರೆ. ನಮಗೋ, ತಂಪು ಹುಡುಕಿಕೊಂಡು ಬೆಂಕೀಪುರಕ್ಕೆ ಬಂದೆವಲ್ಲಾ ಅಂತ ನಗು. ಸರ್ ಎಂ. ವಿಶ್ವೇಶ್ವರಯ್ಯನವರ ಮುಂದಾಳತ್ವದಲ್ಲಿ ಮಲೆನಾಡಿನ ಮರದ ಇದ್ದಿಲಿನಿಂದಲೇ ಇಲ್ಲಿ ಕಬ್ಬಿಣ ಕರಗಿಸತೊಡಗಿದ್ದು 1923ರಲ್ಲಿ. 1936ರಲ್ಲಿ ಕಾಗದದ ಕಾರ್ಖಾನೆಯೂ ಸೇರಿತು. ಒಂದು ಕಾಲಕ್ಕೆ ಊರಿಗೆ ಊರೇ ಕಾರ್ಖಾನೆಯ ಸೈರನ್ನಿಗೆ ಎದ್ದು ಮಲಗುತ್ತಿತ್ತು ಅಂತ ಅತ್ತೆ ಹೇಳುತ್ತಾರೆ. ರಾತ್ರಿ ಪಾಳಿ ಮುಗಿಸಿ ಬರುವ ಮಾವನವರಿಗೆ ಬೆಳಗಿನ ಜಾವ ಬಿಸಿನೀರು ಕಾಯಿಸಿಟ್ಟು, ಭದ್ರಾವತಿ ಆಕಾಶವಾಣಿ ಹಚ್ಚಿ ಕಾಯುತ್ತಿದ್ದರಂತೆ. ಕಾಗದದ ಕಾರ್ಖಾನೆ ಈಗ ನಿಂತುಹೋಗಿದೆ. ನ್ಯೂಟೌನಿನ ಆ ಬೀದಿಯಲ್ಲಿ ವ್ಯಾನು ನಿಧಾನ ಮಾಡಿದಾಗ ಅತ್ತೆ ಮಲಗಿದ್ದವರು ಎದ್ದು ಕೂತು ಕಿಟಕಿಗೆ ಹಣೆ ಹಚ್ಚಿದರು. ಅವರಿದ್ದ ಮನೆಗೆ ಬೀಗ. ಮುಂದಿನ ಹಲಸಿನ ಮರ ಮಾತ್ರ ಇತ್ತು, ಕಾಯಿ ಬಿಟ್ಟು ಜೋತಿತ್ತು. "ನಾನು ನೆಟ್ಟಿದ್ದು" ಅಂದರು, ಅಷ್ಟೆ.

ಆ ವೈರಿಂಗ್ ಹುಡುಗ ಮಾತಿಗಿಂತ ಲೆಕ್ಕದಲ್ಲಿ ಗಟ್ಟಿಗ. ನಾವು "ಅಂಗಡಿಯಲ್ಲಿ ಹತ್ತು ಸಾವಿರಕ್ಕೆ ಪುಟ್ಟ ಫ್ರಿಜ್ಜು ಸಿಗುತ್ತಂತೆ, ಅದನ್ನೇ ಕೂರಿಸಿಬಿಡು" ಅಂದಾಗ ಅವನು ಪೆನ್ಸಿಲು ತೆಗೆದ. "ಫ್ರಿಜ್ಜಿನ ಬೆಲೆ ನೋಡಬೇಡಿ ಅಕ್ಕಾ, ಅದು ದಿನಕ್ಕೆ ಎಷ್ಟು ಕರೆಂಟು ಕುಡಿಯುತ್ತೆ ನೋಡಿ" ಅಂದ.

ನಿಮ್ಮ ಮನೆಯ ಬಿಲ್ಲಿನ ಯೂನಿಟ್ಟಿನಲ್ಲೇ ಹೇಳುತ್ತೇನೆ. ನೂರು ಆಂಪಿಯರ್-ಅವರ್‌ನ ಒಂದು ಬ್ಯಾಟರಿಯಲ್ಲಿ ತುಂಬಿರುವುದು ಒಂದೂಕಾಲು ಯೂನಿಟ್ಟಿಗೂ ಸ್ವಲ್ಪ ಕಡಿಮೆ. ಆಸಿಡ್ ಬ್ಯಾಟರಿ ಬಾಳಬೇಕಾದರೆ ಅದರಲ್ಲಿ ಅರ್ಧ ಮಾತ್ರ ಬಳಸಬೇಕು. ಅಂದರೆ ಕೈಗೆ ಸಿಗುವುದು ಅರ್ಧ ಯೂನಿಟ್ಟಿನ ಮೇಲೆ ಚೂರು. ಮನೆಯ ಕರೆಂಟಿನ ಪುಟ್ಟ ಫ್ರಿಜ್ಜು ಬೇಸಿಗೆಯಲ್ಲಿ, ಇನ್ವರ್ಟರು ತಿನ್ನುವುದೂ ಸೇರಿ, ದಿನಕ್ಕೆ ಯೂನಿಟ್ಟಿನ ಹತ್ತಿರ ಬೇಡುತ್ತದೆ. ಹತ್ತು ಸಾವಿರದ ಫ್ರಿಜ್ಜಿಗೆ ಐದಾರು ಸಾವಿರದ ಇನ್ವರ್ಟರು, ಅದರ ಮೇಲೆ ಇನ್ನೊಂದು ಬ್ಯಾಟರಿ! ಮಗಳಿಗೆ ಅಗ್ಗದ ಸೀರೆ ತಂದು ರವಿಕೆ ಹೊಲಿಸಲು ಸಾಲ ಮಾಡಿದ ಹಾಗೆ. ಸಾಲದ್ದಕ್ಕೆ ಮನೆಯ ಫ್ರಿಜ್ಜು ಕುಲುಕಾಟಕ್ಕೆ ಹುಟ್ಟಿದ್ದಲ್ಲ, ಗುಂಡಿ ರಸ್ತೆಯಲ್ಲಿ ಅದರ ತಾಮ್ರದ ಪೈಪು ಸೀಳೀತು.

ಇನ್ನೊಂದು ಜಾತಿ ಇದೆ, ನಾಲ್ಕೈದು ಸಾವಿರಕ್ಕೇ ಸಿಗುವ ಕಾರಿನ ತಂಪು ಪೆಟ್ಟಿಗೆ. ಒಳಗೆ ಮೋಟಾರಿಲ್ಲ, ಗ್ಯಾಸೂ ಇಲ್ಲ, ಒಂದು ಬಿಲ್ಲೆ ಮತ್ತು ಫ್ಯಾನು. ಅದು ಹೊರಗಿನ ಬಿಸಿಗಿಂತ ಹದಿನೈದು ಇಪ್ಪತ್ತು ಡಿಗ್ರಿ ಮಾತ್ರ ಇಳಿಸಬಲ್ಲದು. ಮೂವತ್ತೇಳರಲ್ಲಿ ಇಪ್ಪತ್ತು ಕಳೆದರೆ ಹದಿನೇಳು. ಮಜ್ಜಿಗೆಗೆ ಆದೀತು, ಇನ್ಸುಲಿನ್ನಿಗಲ್ಲ. ಮೇಲಾಗಿ ಹಗಲೂ ರಾತ್ರಿ ನಿಲ್ಲದೆ ಕರೆಂಟು ಎಳೆಯುತ್ತದೆ.

ಕೊನೆಗೆ ಅವನು ಆರಿಸಿಕೊಟ್ಟದ್ದು ಹನ್ನೆರಡು ವೋಲ್ಟಿನ ಕಂಪ್ರೆಸರ್ ಇರುವ, ಮೇಲಿನಿಂದ ಮುಚ್ಚಳ ತೆರೆಯುವ ಪೆಟ್ಟಿಗೆ, ಮೂವತ್ತೈದು ಲೀಟರಿನದು. ಬ್ಯಾಟರಿಗೆ ನೇರ ತಗುಲಿಸಬಹುದು, ಇನ್ವರ್ಟರಿನ ಗೋಜಿಲ್ಲ. ಬೇಸಿಗೆಯಲ್ಲೂ ದಿನಕ್ಕೆ ಅರ್ಧ ಯೂನಿಟ್ಟಿನ ಆಸುಪಾಸು. ತಣ್ಣನೆ ಗಾಳಿ ಭಾರ, ಕೆಳಗೇ ಕೂರುತ್ತದೆ. ನಿಲುವು ಬಾಗಿಲು ತೆರೆದಾಗ ಕಾಲ ಮೇಲೆ ಸುರಿದು ಹೋಗುವ ಹಾಗೆ ಮುಚ್ಚಳ ಎತ್ತಿದರೆ ಹೋಗುವುದಿಲ್ಲ. ಲಾರಿಯಿಂದ ಬಿಚ್ಚಿದ ಹಳೆಯದೊಂದು ಅವನ ಪರಿಚಯದವರಲ್ಲಿ ಹದಿಮೂರೂವರೆ ಸಾವಿರಕ್ಕೆ ಸಿಕ್ಕಿತು. ಕೊಳ್ಳುವ ಮುಂಚೆ ಒಂದು ಲೋಟ ನೀರಿನಲ್ಲಿ ಥರ್ಮಾಮೀಟರು ಅದ್ದಿ, ರಾತ್ರಿಯಿಡೀ ಓಡಿಸಿ ನೋಡಿದೆವು. ಹಳೆಯದು ಕೊಳ್ಳುವವರು ಈ ಪರೀಕ್ಷೆ ಬಿಡಬೇಡಿ. 'ತಣ್ಣಗಾಗ್ತಿದೆ' ಅಂತ ಕೈಯಿಟ್ಟು ನೋಡುವುದು ಏನೇನೂ ಸಾಲದು.

ಬ್ಯಾಟರಿಯಿಂದ ಪೆಟ್ಟಿಗೆಗೆ ಅವನು ಬೆರಳು ದಪ್ಪದ ವೈರು ಎಳೆದ. ತೆಳು ವೈರಾದರೆ ದಾರಿಯಲ್ಲೇ ವೋಲ್ಟು ಸೋರಿ, ಪೆಟ್ಟಿಗೆ ಬ್ಯಾಟರಿ ಮುಗಿಯಿತೆಂದು ತಿಳಿದು ತಾನಾಗಿ ಆರಿಬಿಡುತ್ತದಂತೆ. ಬ್ಯಾಟರಿಯ ಪಕ್ಕದಲ್ಲೇ ಫ್ಯೂಸು. ಓಡುವಾಗ ಎಂಜಿನ್ನಿನಿಂದ ಮನೆ ಬ್ಯಾಟರಿಗೂ ಕರೆಂಟು ತುಂಬುವಂತೆ, ನಿಂತಾಗ ಸ್ಟಾರ್ಟ್ ಬ್ಯಾಟರಿಯನ್ನು ಫ್ರಿಜ್ಜು ಮುಟ್ಟದಂತೆ ನಡುವೆ ಒಂದು ರಿಲೇ. ಸಾಮಾನು, ಕೂಲಿ ಎರಡು ಸಾವಿರದ ಎಂಟುನೂರು. ಹಳೆಯ ಫ್ರಿಜ್ಜಿದ್ದ ಗೂಡಿನಲ್ಲಿ ಬಡಗಿ ಪಟ್ಟಿ ಹೊಡೆದು, ಅಡಿಗೆ ರಬ್ಬರಿಟ್ಟು, ಬೆಲ್ಟು ಬಿಗಿದದ್ದಕ್ಕೆ ಒಂಬೈನೂರು. ಗೂಡಿನ ಹಿಂದೆ ಮೊದಲೇ ಇದ್ದ ಗಾಳಿಕಂಡಿಗಳನ್ನು ಮುಚ್ಚಲು ಬಡಗಿ ಹೊರಟಿದ್ದ, ನಾನು ತಡೆದೆ. ಯಾವ ಫ್ರಿಜ್ಜೇ ಆಗಲಿ, ಒಳಗಿನ ಬಿಸಿಯನ್ನು ಹೊರಗೆ ಚೆಲ್ಲಲು ಅದಕ್ಕೊಂದು ದಾರಿ ಬೇಡವೇ? ಒಟ್ಟು ಹದಿನೇಳು ಸಾವಿರದ ಇನ್ನೂರು. ಶಿವಪ್ಪನಾಯಕ ಕಂಡಿದ್ದರೆ ತಲೆದೂಗುತ್ತಿದ್ದ.

ಹಳದಿ ಪುಡಿಯ ಆ ಪೈಪಿನ ಕಟ್ಟನ್ನು ಹುಡುಗ ಕೊಯ್ಯದೆ, ತಟ್ಟದೆ ಇಡಿಯಾಗಿ ಬಿಚ್ಚಿದ. ಅಳಿದುಳಿದ ಜಲಜನಕಕ್ಕೆ ಕಿಡಿ ತಾಗಬಾರದು ಅಂತ ಬೆಂಕಿ ಕೆಲಸದ ಹತ್ತಿರಕ್ಕೂ ತರಲಿಲ್ಲ. ಗುಜರಿಗೆ ಕೊಡುವಾಗಲೂ ಒಳಗೇನಿದೆ ಅಂತ ಬಾಯಿಬಿಟ್ಟು ಹೇಳಿದ.

ಮರುದಿನ ಹಳೇನಗರದ ಲಕ್ಷ್ಮೀನರಸಿಂಹನ ಗುಡಿ ನೋಡಿದೆವು. ಹೊಯ್ಸಳರ ಕಾಲದ್ದು, ಮೂರು ಗರ್ಭಗುಡಿ. ಹೊರಗೋಡೆಯ ಶಿಲ್ಪ ನೋಡಲು ಒಂದು ಬೆಳಗು ಬೇಕು. ಅಲ್ಲಿಂದ ಕೂಡ್ಲಿ. ತುಂಗೆಯೂ ಭದ್ರೆಯೂ ಸೇರುವ ಕಡೆ ಬೇಸಿಗೆಯಾದ್ದರಿಂದ ನೀರು ತೆಳ್ಳಗೆ, ಮರಳು ಅಗಲಕ್ಕೆ. ಅತ್ತೆಗೆ ಒಂದು ರಾತ್ರಿಯ ಆಸೆ ಇತ್ತು, ಎರಡು ರಾತ್ರಿ ಇದ್ದೆವು. ಪೆಟ್ಟಿಗೆಯನ್ನು ಐದು ಡಿಗ್ರಿಗೆ ಇಟ್ಟು, ಇನ್ಸುಲಿನ್ನನ್ನು ಗೋಡೆಗೆ ತಾಗದಂತೆ ಪ್ಲಾಸ್ಟಿಕ್ ಡಬ್ಬಿಯಲ್ಲಿ ನಡುವೆ ಇಟ್ಟಿದ್ದೆ. ಗೋಡೆಗೆ ತಾಗಿದರೆ ಹೆಪ್ಪುಗಟ್ಟುವ ಭಯ. ಉಳಿದ ಜಾಗದಲ್ಲಿ ಹಾಲು, ಮೊಸರು, ಒಂದು ಪಾತ್ರೆ ಹಿಟ್ಟು. ಚಟ್ನಿಪುಡಿ, ಗೊಜ್ಜವಲಕ್ಕಿ ಪುಡಿ, ಅಪ್ಪೆಮಿಡಿ ಉಪ್ಪಿನಕಾಯಿಗೆ ತಂಪು ಯಾಕೆ? ಅವೆಲ್ಲ ಹೊರಗೇ. ಎರಡನೆಯ ಸಂಜೆ ಬ್ಯಾಟರಿ ಇಳಿಯಿತೆಂದು ಕಂಡಾಗ ನಮ್ಮವರು ಹೊಳೆಹೊನ್ನೂರಿಗೆ ಹೋಗಿ ತರಕಾರಿ ತಂದರು. ಗಾಡಿ ಓಡಿದ ಹಾಗೂ ಆಯಿತು, ಬ್ಯಾಟರಿ ತುಂಬಿದ ಹಾಗೂ ಆಯಿತು. ಮುಂದಿನ ವರ್ಷ ಮಾಳಿಗೆಗೆ ಒಂದು ಸೋಲಾರ್ ಹಲಗೆ ಹಾಕಿಸುವ ಮಾತಿದೆ.

ಮೂರನೆಯ ಬೆಳಿಗ್ಗೆ ಕಾಫಿಗೆ ಹಾಲು ಒಲೆಗಿಟ್ಟೆ. ಒಡೆಯದೆ ಉಕ್ಕಿ ಬಂತು. "ಇನ್ನೊಂದು ದಿನ ಇರೋಣವೇನೇ?" ಅಂದರು ಅತ್ತೆ.

ಹಳೆಯ ಫ್ರಿಜ್ಜಿನ ಬರೀ ಮೈ ಸಾಗರಕ್ಕೆ ವಾಪಸು ಬಂತು. ತೊಳೆದು ಒಣಗಿಸಿ ಹಿತ್ತಿಲ ಜಗಲಿಯಲ್ಲಿ ಇಟ್ಟಿದ್ದೇನೆ. ಬಾಗಿಲಿನ ರಬ್ಬರು ಇನ್ನೂ ಗಟ್ಟಿ, ಇರುವೆಯೂ ನುಸುಳದು. ಸದ್ಯಕ್ಕೆ ಅದರ ತುಂಬ ಈ ಬೇಸಿಗೆಯ ಸಂಡಿಗೆ, ಹಲಸಿನ ಹಪ್ಪಳ.