ಗಮನ ನಿಲ್ಲದ ಮಗುವಿಗೆ ಯಾವ ಚಿಕಿತ್ಸೆ?

ಎಡಿಎಚ್‌ಡಿ (ಗಮನ ನಿಲ್ಲದ, ಅತಿ ಚಡಪಡಿಕೆಯ ತೊಂದರೆ) ಇರುವ ಆರು ವರ್ಷದೊಳಗಿನ ಮಗುವಿಗೆ ಮೊದಲ ಚಿಕಿತ್ಸೆಯೆಂದರೆ ಅಪ್ಪ-ಅಮ್ಮನಿಗೆ ಕೊಡುವ ತರಬೇತಿ: ಒಂದು ಸಲಕ್ಕೆ ಒಂದೇ ಕೆಲಸ ಹೇಳುವುದು, ಮಾಡಿದ ತಕ್ಷಣ ಮೆಚ್ಚುವುದು, ದಿನಚರಿ ತಪ್ಪಿಸದಿರುವುದು. ಶಾಲೆಗೆ ಸೇರಿದ ಮೇಲೆ ಮೇಷ್ಟ್ರೂ ಇದೇ ಕ್ರಮ ಹಿಡಿಯಬೇಕು: ಮುಂದಿನ ಬೆಂಚು, ತುಂಡು ತುಂಡಾಗಿ ಕೊಟ್ಟ ಲೆಕ್ಕ, ಅಂದಂದಿನ ಶಹಬ್ಬಾಸ್. ಯೋಚನೆಯ ರೀತಿಯನ್ನು ತಿದ್ದುವ ಸಿಬಿಟಿ ಹದಿಹರೆಯದವರಿಗೇ ಹೆಚ್ಚು ಹೊಂದುತ್ತದೆ. ಆಟದ ಚಿಕಿತ್ಸೆ ಮಗುವಿನ ಮನಸ್ಸನ್ನು ಹಗುರ ಮಾಡೀತು. ಆದರೆ ಅದು ಗಮನ ಹೆಚ್ಚಿಸುತ್ತದೆ ಎನ್ನಲು ಪುರಾವೆ ಸಾಲದು. ಶಾಲಾ ವಯಸ್ಸಿನಲ್ಲಿ ತೊಂದರೆ ತೀವ್ರವಾಗಿದ್ದರೆ ಔಷಧಿಯೂ ಬೇಕಾಗುತ್ತದೆ, ಅದಕ್ಕೆ ಹಿಂಜರಿಯಬಾರದು.

ತುಮಕೂರು ಜಿಲ್ಲೆಯ ಪಾವಗಡ, ಶಿರಾ, ಮಧುಗಿರಿ, ಕೊರಟಗೆರೆಯ ಹಳ್ಳಿಗಳಿಂದ ವಾರವಾರ ಬೆಂಗಳೂರಿನ ಮಾನಸಿಕ ಆರೋಗ್ಯ ಆಸ್ಪತ್ರೆ ನಿಮ್ಹಾನ್ಸ್‌ಗೆ ಹೋಗಿಬರುವುದೆಂದರೆ ದಿನದ ಕೂಲಿ ಹೋದಂತೆ. ಇಂಥ ಮನೆಗಳಿಗೆ ಅಪ್ಪ-ಅಮ್ಮನ ತರಬೇತಿಯೇ ಒಗ್ಗುವ ದಾರಿ. 2022ರಲ್ಲಿ ಶುರುವಾದ ಸರ್ಕಾರಿ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿದರೆ ಕನ್ನಡದಲ್ಲೇ ಮೊದಲ ಸಲಹೆ ಸಿಗುತ್ತದೆ.